ಒಂದೇ ಪಂಕ್ತಿಯ ಇಲಿಗಳು

ಪರೇಲ್‌ನ ಒಂದು ಪ್ರಯೋಗಾಲಯದಲ್ಲಿ ಅಣವೀರಪ್ಪ ಆರು ವರ್ಷದಿಂದ ಇಲಿಗಳಿಗೆ ಕೂಳು ಹಾಕುತ್ತಿದ್ದ, ಅದೂ ಹಂಗಾಮಿಯಾಗಿ. ನೌಕರಿ ಕಾಯಂ ಆಗುವ ಕಾಗದ ಈ ತಿಂಗಳು ಬರುತ್ತದೆಂದು ಅಲ್ಲಿ ಸಂಶೋಧನೆ ನಡೆಸುವ ವಿನೋದಿನಿ ಮೇಡಂ ಹೇಳಿದ್ದೇ ತಡ, ಹೆಂಡತಿ ಸೋಮವ್ವ ಚಾಳಿನವರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು.

ಗೋಡೆಯುದ್ದಕ್ಕೂ ಎರಡು ಸಾಲು ಪಂಜರ. ಮೇಲಿನ ಮೂವತ್ತು ಇಲಿಗಳಿಗೆ ಕಾಳಿನ ಉಂಡೆಯ ಜೊತೆ ಬಾಳೆಹಣ್ಣು, ಪೇರಲಹಣ್ಣು. ಕೆಳಗಿನ ಮೂವತ್ತಕ್ಕೆ ಬರೀ ಉಂಡೆ. ಹಣ್ಣು ತಿಂದರೆ ಕರುಳಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆಂದು ಮೇಡಂ ಐದು ತಿಂಗಳಿಂದ ಅವುಗಳ ಹಿಕ್ಕೆ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುತ್ತಿದ್ದರು.

ಅಂದು ತಟ್ಟೆಗಳನ್ನು ಸದಾನಂದನ ಮುಂದೆ ಕುಕ್ಕಿದರು. ತಟ್ಟೆಗಳಿಗೆ ನಂಬರ್ ಬರೆಯುವ ಅವನು ಬಂದು ಎರಡೇ ತಿಂಗಳಾಗಿತ್ತು. ಮನೆಯಲ್ಲಿ ಎರಡು ಕೂಸು.

"ಎಂತ ಮಾರಾಯ ಇದು? ನೀನು ಬರುವವರೆಗೆ ಎರಡು ಸಾಲಿನದ್ದೂ ಬೇರೆ ಬೇರೆ ಇತ್ತು. ಈಗ ಎರಡೂ ಒಂದೇ! ನಂಬರ್ ಕಲಸಿ ಹಾಕಿದ್ದೀಯ. ನಾಳೆಯಿಂದ ಬರಬೇಡ."

"ದೇವರಾಣೆ ಇಲ್ಲ ಮೇಡಂ!" ಎಂದ ಸದಾನಂದ.

ಬಾಗಿಲಲ್ಲಿ ನಿಂತಿದ್ದ ಅಣವೀರಪ್ಪ ಒಳಗೆ ಬಂದ. ಸುಮ್ಮನಿದ್ದರೆ ಕಾಗದ ಬರುತ್ತಿತ್ತು.

"ಅವಂದೇನೂ ತಪ್ಪಿಲ್ರಿ ಮೇಡಂ. ಕೆಳಗಿನವಕ್ಕೂ ನಾನ ಹಣ್ಣ ಹಾಕೀನ್ರಿ."

"ಹಾಕಬಾರದು ಅಂತ ಎಷ್ಟು ಸಲ ಹೇಳಿದ್ದೆ!"

"ಮಠದಾಗ ದಾಸೋಹಕ್ಕ ಬಡಿಸಿದ ಕೈರಿ ಇದು. ಒಂದ ಪಂಕ್ತ್ಯಾಗ ಒಬ್ರಿಗೆ ಹುಗ್ಗಿ, ಒಬ್ರಿಗೆ ಬರೇ ಅಂಬಲಿ ಹೆಂಗ ನೀಡೂದ್ರಿ? ಮೂರು ತಿಂಗಳ ತಡಕೊಂಡೆ. ಆಮ್ಯಾಲ ಆಗಲಿಲ್ರಿ."

"ಇಲಿಗೆ ಪಂಕ್ತಿಯಂತೆ!" ಮೇಡಂ ನಗಲು ಹೋದರು, ಆಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. "ಐದು ತಿಂಗಳ ಕೆಲಸ ಹೊಳೆಗೆ ಹಾಕಿದ ಹಾಗಾಯ್ತು. ಇನ್ನು ಈ ಇಲಿಗಳು ಯಾವುದಕ್ಕೂ ಬೇಡ. ಇವತ್ತೇ ಎಲ್ಲವನ್ನೂ ಮುಗಿಸಿಬಿಡಿ. ಹೊಸತು ತರಿಸಬೇಕು. ನಿಮ್ಮ ಜಾಗಕ್ಕೂ..." ಮುಖ ಬೇರೆ ಕಡೆ ತಿರುಗಿಸಿಕೊಂಡು ಹೊರಟುಹೋದರು.

"ಅಣ್ಣಾ, ನಾನು ಮಾಡ್ತೇನೆ. ನೀವು ಮನೆಗೆ ಹೋಗಿ," ಎಂದ ಸದಾನಂದ.

"ನಿನಗ ಬರೂದಿಲ್ಲೋ. ಒದ್ದಾಡಸ್ತಿ."

ಅವನನ್ನು ಹೊರಗೆ ಕಳಿಸಿ ಅಣವೀರಪ್ಪ ಬಾಗಿಲು ಹಾಕಿದ. ಗಾಜಿನ ಜಾಡಿಯೊಳಗಿನ ಹತ್ತಿಗೆ, ಪ್ರಜ್ಞೆ ತಪ್ಪಿಸಿ ಕೊಲ್ಲುವ ಈಥರ್ ಸುರಿದ. ಕೆಳಸಾಲಿನ ಮೊದಲ ಪಂಜರಕ್ಕೆ ಕೈ ಹಾಕಿದ.

ಇಲಿ ಓಡಲಿಲ್ಲ. ಹಣ್ಣು ಬಂತೆಂದುಕೊಂಡು ತಾನಾಗಿಯೇ ಅವನ ಅಂಗೈ ಹತ್ತಿತು.