ಕೋರಲಿಯ ಗಂಟಲು

ಶನಿವಾರ ಅಲೆ ಸೀಳಿ ಕಡಲಿಗೆ ನುಗ್ಗುವ ಅಲೆದೋಣಿಗಳ ಪಂದ್ಯ. ಮಂಗಳವಾರವಾದರೂ ಕೋರಲಿ ಪಾಸ್ಕೋಗೆ ಗಂಟಲು ವಾಪಸ್ ಬಂದಿರಲಿಲ್ಲ. ನೆಗಡಿಯಲ್ಲ, ಕೆಮ್ಮಲ್ಲ. ಸ್ಕೂಲ್ ಬಸ್ ಓಡಿಸುತ್ತ ಕನ್ನಡಿಯಲ್ಲೇ ಮಕ್ಕಳನ್ನು ಗದರಿಸಿ ಕೂರಿಸುವ ಹೆಂಗಸಿಗೆ ಬಾಯಿಗೇನು ಬರವೇ? ಆದರೆ ದೋಣಿಯ ಹಿಂತುದಿಯಲ್ಲಿ ನಿಂತು, ಎದುರಿಗೆ ಅಲೆ ಏಳುವುದನ್ನು ಕಂಡರೆ ಸಾಕು, ಯಾರೋ ಕತ್ತು ಹಿಸುಕಿದಂತೆ ಮಾತು ಅಲ್ಲೇ ನಿಂತುಬಿಡುತ್ತಿತ್ತು.

ಟೆರಾಬೂ ಕಡಲತೀರದಲ್ಲಿ ಇದು ಸಣ್ಣ ವಿಷಯವಲ್ಲ. ಹುಟ್ಟು ಹಾಕುವ ನಾಲ್ವರೂ ಕಡಲಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಬರುವ ಅಲೆ ಅವರಿಗೆ ಕಾಣುವುದೇ ಇಲ್ಲ. ಕಾಣುವುದು, ಉದ್ದನೆಯ ಚುಕ್ಕಾಣಿ ಹಿಡಿದು ಎದುರಿಗೆ ನಿಂತವಳ ಮುಖ; ಕೇಳುವುದು ಅವಳ ಕೂಗು. ಹೋದ ವರ್ಷ ಅಲೆ ಎದ್ದಾಗ ಕೋರಲಿ ಒಂದೇ ಒಂದು ಗಳಿಗೆ ಕೂಗದೆ ನಿಂತುಬಿಟ್ಟಳು. ದೋಣಿ ಅಡ್ಡ ತಿರುಗಿ ಮಗುಚಿತು. ಅವಳ ಎದುರಿಗೇ ಕೂತಿದ್ದ ಗೆಳತಿ ನೆರಿಡಾಳ ಹೆಗಲಿನ ಮೂಳೆ ಮುರಿಯಿತು.

ಮೂಳೆ ಕೂಡಿಕೊಂಡಿತು, ನೆರಿಡಾಳ ಹಠವೂ ಗಟ್ಟಿಯಾಯಿತು. "ಕೂತ್ರೆ ನಿನ್ನ ದೋಣೀಲೇ ಕೂರೋದು ಕಣೇ. ಇಲ್ಲಾಂದ್ರೆ ಹುಟ್ಟೇ ಮುಟ್ಟಲ್ಲ." ಶನಿವಾರ ಇವರು ಪಂದ್ಯಕ್ಕೆ ಇಳಿಯದಿದ್ದರೆ ದೋಣಿಯನ್ನು ಗಂಡಸರ ತಂಡಕ್ಕೆ ಕೊಡುವುದಾಗಿ ದೋಣಿ ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಹೆಂಗಸರ ತಂಡದ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕ್ಲಬ್ಬಿನಲ್ಲಿ ಮಾಂಸ ತುಂಬಿದ ಪೈ ತಿನ್ನುತ್ತ ಯಾರೋ ಎನ್‌ಎಲ್‌ಪಿ ಎಂದರು. ಮಾತು, ನೆನಪು, ಮೈಯ ಭಂಗಿ ಇವನ್ನೇ ಹಿಡಿದು ಮನಸ್ಸಿನ ಗಂಟು ಸಡಿಲಿಸುವ ವಿದ್ಯೆಯಂತೆ. ಆ ಕರಾವಳಿಯಲ್ಲಿ ಅದನ್ನು ಮಾಡುವವರು ಬೀದಿಗೊಬ್ಬರು. ಬೇಕಾದವರನ್ನು ಆರಿಸಿಕೊಳ್ಳುವುದೇ ದೊಡ್ಡ ತಲೆನೋವು! ಕೋರಲಿ ಗೋಡೆ ತುಂಬ ಸರ್ಟಿಫಿಕೇಟ್ ತೂಗುಹಾಕಿದ್ದ ಡೇರಿಯನ್ ಎಂಬುವನ ಬಳಿಗೆ ಹೊರಟಳು. ಕಾವಲಿಗೆ ನೆರಿಡಾ.

ಡೇರಿಯನ್ ನಗುಮುಖದವನು. ಕೋರಲಿ ಕಾಲ ಮೇಲೆ ಕಾಲು ಹಾಕಿದರೆ ಅವನೂ ಹಾಕಿದ. ಅವಳು ಮುಂದಕ್ಕೆ ಬಾಗಿದರೆ ಅವನೂ ಬಾಗಿದ. ಸಲಿಗೆ ಬೆಳೆಸುವ ಉಪಾಯವಂತೆ ಅದು. ನೆರಿಡಾ ಬೇಕೆಂದೇ ಕಿವಿಗೆ ಬೆರಳು ಹಾಕಿ ತಿರುವಿದಳು. ಪುಣ್ಯಾತ್ಮನ ಕೈ ತನ್ನ ಕಿವಿಯ ತನಕ ಹೋಗಿ, ನಾಚಿಕೊಂಡು ಕೆಳಗಿಳಿಯಿತು.

"ಯಾರನ್ನ ನೀವು ಆಗಲ್ಲ ಅಂತ ವಾಪಸ್ ಕಳಿಸ್ತೀರಿ?" ಎಂದು ನೆರಿಡಾ ಕೇಳಿದಳು.

"ಯಾರನ್ನೂ ಇಲ್ಲ! ನನ್ನ ಕೈಲಿ ಆಗದೇ ಇರೋ ಭಯ ಇನ್ನೂ ಹುಟ್ಟಿಲ್ಲಮ್ಮ. ಇವತ್ತೇ ಬುಡಸಮೇತ ಕಿತ್ತು ಹಾಕ್ತೀನಿ."

ಅವನು ಕೋರಲಿಯ ಕಣ್ಣು ಮುಚ್ಚಿಸಿ, ಗೆದ್ದ ದಿನವೊಂದನ್ನು ನೆನೆಸಿಕೊಳ್ಳಲು ಹೇಳಿದ. ಎದೆ ಉಬ್ಬಿದಾಗ ಬಲಗೈಯ ಹೆಬ್ಬೆರಳನ್ನು ನಡುಬೆರಳಿಗೆ ಒತ್ತಿಸಿದ. ಮತ್ತೆ ಮತ್ತೆ ಒತ್ತಿಸಿದ. ಅಬ್ಬಾ, ಧೈರ್ಯ ಕುದಿದು ಉಕ್ಕಿತು! ಕೋರಲಿ ಕುಣಿಯುತ್ತ ಮೆಟ್ಟಿಲಿಳಿದಳು.

"ಬೆರಳು ಒತ್ತಿದ್ರೆ ಸಾಕು ಕಣೇ, ಹುಲಿ ಆಗ್ಬಿಡ್ತೀನಿ!"

ನೆರಿಡಾ ಅವಳನ್ನು ದೋಣಿ ಇಡುವ ಶೆಡ್ಡಿಗೆ ಎಳೆದೊಯ್ದು ಚುಕ್ಕಾಣಿ ಕೈಗೆ ಕೊಟ್ಟಳು. ತೋಳಿನಷ್ಟು ದಪ್ಪದ ಮರ. ಎರಡೂ ಕೈ ಬಿಗಿಯಾಗಿ ಹಿಡಿಯದಿದ್ದರೆ ಕಡಲೇ ಕಿತ್ತುಕೊಳ್ಳುತ್ತದೆ.

"ಎಲ್ಲಿ, ಒತ್ತು ನೋಡೋಣ."

ಹೆಬ್ಬೆರಳು ನಡುಬೆರಳಿನ ಹತ್ತಿರಕ್ಕೂ ಹೋಗಲಿಲ್ಲ.

"ನೀನು ಏನು ಹಿಡ್ಕೊಂಡು ನಿಲ್ತೀಯ ಅಂತ ಅವನು ಒಂದು ಮಾತಾದ್ರೂ ಕೇಳಿದ್ನಾ? ನೀನಾದ್ರೂ ಹೇಳಿದ್ಯಾ, ದಡ್ಡಿ?"

ಕೋರಲಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ಚುಕ್ಕಾಣಿ ಹಿಡಿದವಳಿಗೆ ತನ್ನ ಕೈ ಖಾಲಿಯಿರುವುದಿಲ್ಲ ಎಂಬುದೇ ಹೊಳೆದಿರಲಿಲ್ಲ.

ಮರುದಿನ ಇಬ್ಬರೂ ಅದೇ ವಿದ್ಯೆ ಬಲ್ಲ ಯೂಲಾ ಫ್ಯಾರೋ ಎಂಬುವಳ ಬಳಿಗೆ ಹೋದರು; ವಿಷಯವನ್ನು ಫೋನಿನಲ್ಲೇ ಹೇಳಿದ್ದರು. ಅವಳದು ಮಾತು ಕಡಿಮೆ, ಮುಖ ಸ್ವಲ್ಪ ಸಿಡುಕು. ಯಾರನ್ನಾದರೂ ವಾಪಸ್ ಕಳಿಸುತ್ತೀರಾ ಎಂದು ನೆರಿಡಾ ಕೂರುವ ಮೊದಲೇ ಅದೇ ಪ್ರಶ್ನೆ ಎಸೆದಳು.

"ಕಳಿಸ್ತೀನಿ," ಎಂದಳು ಯೂಲಾ. "ರಾತ್ರಿ ನಿದ್ದೆ ಇಲ್ದೆ ಬೆಚ್ಚಿ ಏಳೋರನ್ನ ಡಾಕ್ಟರ ಹತ್ರ ಕಳಿಸ್ತೀನಿ. ಅದು ನನ್ನ ಕೆಲಸ ಅಲ್ಲ. ನಿಮಗೆ ನಿದ್ದೆ ಬರ್ತಿದ್ಯಾ?"

"ಗೊರಕೆ ಹೊಡೀತಾಳೆ," ಎಂದಳು ನೆರಿಡಾ.

"ಸರಿ. ಭಯ ಪೂರ್ತಿ ತೆಗೆಸ್ಬೇಕು ಅಂತ ಬಂದಿದ್ರೂ ವಾಪಸ್ ಹೋಗಿ. ಅಲೆ ಕಂಡ್ರೆ ಹೆದರದೇ ಇರೋಳ ದೋಣೀಲಿ ನಾನಂತೂ ಕೂರಲ್ಲ. ಗಂಟಲು ಬಿಡಿಸೋಕೆ ಪ್ರಯತ್ನ ಮಾಡೋಣ. ಆಗುತ್ತೆ ಅಂತ ಮಾತು ಕೊಡಲ್ಲ."

ಕೋರಲಿ ನೆರಿಡಾಳತ್ತ ನೋಡಿದಳು. ನೆರಿಡಾ ಕುರ್ಚಿ ಎಳೆದುಕೊಂಡು ಕೂತಳು.

ಯೂಲಾ ಕೋರಲಿಯ ಕೈಗೆ ಚುಕ್ಕಾಣಿಯ ಬದಲು ಉದ್ದ ಹಿಡಿಯ ಕಸಪೊರಕೆ ಕೊಟ್ಟು, "ದೋಣೀಲಿ ಹೇಗೆ ನಿಲ್ತೀರೋ ಹಾಗೇ ನಿಲ್ಲಿ. ಮೈಭಾರ ಎಲ್ಲಿದೆ?" ಎಂದಳು. ಬಲ ಹಿಮ್ಮಡಿಯಲ್ಲಿತ್ತು. ಕೂಗು ತಾನಾಗಿ ಹೊರಬಂದಿದ್ದ ದಿನ ಯಾವುದು ಎಂದು ಕೇಳಿ, ಆ ದಿನದ ಗಾಳಿ, ಉಪ್ಪು, ಸದ್ದು ಎಲ್ಲವನ್ನೂ ಅವಳ ಬಾಯಿಂದಲೇ ಹೇಳಿಸಿದಳು. ನೆನಪು ತುಂಬಿ ಬಂದ ಗಳಿಗೆಗೆ ಸರಿಯಾಗಿ, "ಹಿಮ್ಮಡಿ ಒತ್ತಿ, ಕೂಗಿ!" ಎಂದಳು. ಕೋರಲಿ ಕೂಗಿದ್ದಕ್ಕೆ ಕೆಳಗಿನ ಬೇಕರಿಯವನು ಹೊರಗೆ ಓಡಿಬಂದನಂತೆ.

ಶನಿವಾರ ಕಡಲು ಕೆಟ್ಟದಾಗಿತ್ತು. ಪಂದ್ಯ ಶುರುವಿನ ಗುಂಡು ಹಾರಿತು. ದೋಣಿಗಳು ನುಗ್ಗಿದವು, ದಡದಲ್ಲಿ ಜನ ಹುಚ್ಚೆದ್ದು ಅರಚಿದರು. ಪಕ್ಕದ ನೀಲಿ ದೋಣಿ ಒಂದು ಮಾರು ಮುಂದಿತ್ತು. ಅಷ್ಟರಲ್ಲಿ ದೂರದಲ್ಲಿ ನೀರು ಕಪ್ಪಾಗಿ ಗೋಡೆಯಂತೆ ಎದ್ದಿತು. ಅದೇ ಅಲೆ, ಅದೇ ಭಯ. ನೆರಿಡಾ ಕೋರಲಿಯ ಮುಖವನ್ನೇ ನೋಡುತ್ತಿದ್ದಳು. ಮುರಿದು ಕೂಡಿದ ಹೆಗಲು ಹುಟ್ಟಿನ ಮೇಲೆ ಬಾಗಿತ್ತು.

ಕೋರಲಿ ಹಿಮ್ಮಡಿ ಒತ್ತಿದಳು.

"ನಿಲ್ಸಿ! ನಿಲ್ಸ್ರೇ!"

ನಾಲ್ಕು ಹುಟ್ಟುಗಳೂ ನೀರಿಗೆ ಅಡ್ಡವಾಗಿ ಇಳಿದವು. ದೋಣಿ ತಡೆದು ನಿಂತಿತು.

"ನೀಲಿಯವರು ಹೋಗ್ತಿದ್ದಾರಲ್ಲೇ!" ಎಂದು ನೆರಿಡಾಳ ಹಿಂದೆ ಕೂತವಳೊಬ್ಬಳು ಕಿರುಚಿದಳು.

"ಹೋಗ್ಲಿ! ನೀವು ನಿಲ್ಸಿ!"

ನೀಲಿ ದೋಣಿ ಅಲೆಯ ಗೋಡೆ ಹತ್ತಿ, ಮೂಗು ಆಕಾಶಕ್ಕೆ ಮಾಡಿ ನಿಂತು, ಹಿಂದಕ್ಕೆ ಮಗುಚಿ ಬಿತ್ತು. ಅಲೆ ಇವರ ಮುಂದೆಯೇ ಒಡೆದು ಬರಿ ನೊರೆಯಾಯಿತು. ನೀಲಿಯವರ ತಲೆಗಳು ಒಂದೊಂದಾಗಿ ಮೇಲೆ ಬಂದವು, ಕಾವಲು ದೋಣಿ ಅತ್ತ ಧಾವಿಸಿತು. ಎದುರಿಗೆ ಕಡಲು ಒಂದಿಷ್ಟು ಹೊತ್ತು ಚಪ್ಪಟೆಯಾಗಿ ಬಿದ್ದಿತ್ತು.

"ಈಗ ಹೊಡೀರೇ! ಹೊಡೀರಿ, ಹೊಡೀರಿ!"

ದೋಣಿ ಚಿಮ್ಮಿತು. ಕೋರಲಿಯ ಕೂಗು ದಡಕ್ಕೂ ಕೇಳಿಸಿತು. ನೆರಿಡಾ ಹುಟ್ಟು ಎಳೆಯುತ್ತಲೇ, ಏದುಸಿರಿನ ನಡುವೆ ಕೂಗಿದಳು: "ನಿನ್ನ ಮುಖ ಸುಣ್ಣ ಆಗಿದೆ ಕಣೇ!"

"ಹೆದರಿಕೆ ಆಗ್ತಿದೆ ಕಣೇ! ನೀನು ಎಳಿ!"

ನೆರಿಡಾ ಜೋರಾಗಿ ನಕ್ಕು, ಆ ಹೆಗಲಿನಿಂದಲೇ ಹುಟ್ಟನ್ನು ಎದೆಯ ತನಕ ಎಳೆದಳು.