ಸಾಲಿನ ನಡುವೆ ನಿಲ್ಲುವ ವಚನ

ನಮ್ಮ ಮನೆಯವರು ಏಕಾಂತಪ್ಪ ಜೀವಮಾನವೆಲ್ಲ ಕ್ಲಾರಿಯೊನೆಟ್ ಊದಿದರೇ ಹೊರತು ಮನೆಯ ಒಲೆಯನ್ನು ಒಂದು ದಿನವೂ ಊದಲಿಲ್ಲ. ಹಂಪಸಾಗರದ ಬ್ಯಾಂಡ್ ಮೇಳಕ್ಕೆ ಅವರೇ ಹಿರಿಯರು. ಕರೆದರೆ ಮದುವೆಗೆ ಹೋಗುತ್ತಿದ್ದರು. ಕರೆಯದೆ ಹೋಗುತ್ತಿದ್ದ ಕಡೆಗಳೇ ಹೆಚ್ಚು. ಸಿಡುಬಿನ ಲಸಿಕೆ ಹಾಕಲು ನರ್ಸಮ್ಮ ಬಂದರೆ ಊರೆಲ್ಲ ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದ ಕಾಲ ಅದು. ಮೇಳದವರು ಚಾವಡಿಯ ಮುಂದೆ ನಿಂತು ಬಾರಿಸಿದರೆ ಅದೇ ಜನ ತಾವಾಗಿ ಬಂದು ನೆರೆಯುತ್ತಿದ್ದರು. ಆಮೇಲೆ ತೋಳು ಬಾತವರ ಬೈಗುಳವೆಲ್ಲ ನನ್ನ ಪಾಲಿಗೆ.

ಬುಧವಾರ ಮಾತ್ರ ಶಾಲೆಗಳಿಗೆ ಮೀಸಲು. ಡ್ರಮ್ಮಿನ ಚೌಡಣ್ಣನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋಗಿ, ಸುತ್ತಲಿನ ಊರುಗಳ ಮಕ್ಕಳಿಗೆ ಪುಕ್ಕಟೆ ಹಾಡು ಕಲಿಸಿ ಬರುತ್ತಿದ್ದರು. ನಮಗೆ ಮಕ್ಕಳಿಲ್ಲ, ಅದಕ್ಕೇ ಈ ಹುಚ್ಚು ಎಂದು ಜನ ಅನ್ನುತ್ತಿದ್ದರು. ಸುಳ್ಳು. ಮಕ್ಕಳಿದ್ದಿದ್ದರೆ ಅವರನ್ನೂ ನನ್ನ ಮಡಿಲಿಗೆ ಹಾಕಿ ಹೋಗುತ್ತಿದ್ದ ಮನುಷ್ಯ ಅದು.

ಪ್ರಾಯದಲ್ಲಿ ಹತ್ತಿ ಮಿಲ್ಲಿನಲ್ಲಿ ದುಡಿದು ಅವರ ಎದೆಯಲ್ಲಿ ಧೂಳು ಕೂತಿತ್ತು. ಮಕ್ಕಳಿಗೆ ಕಲಿಸುತ್ತಿದ್ದ ಒಂದು ವಚನವನ್ನು ಊದುವಾಗ ಎರಡನೆಯ ಸಾಲಿನ ನಡುವೆ ಉಸಿರು ಸಾಲದೆ ನಿಂತುಬಿಡುತ್ತಿದ್ದರು. ಮಕ್ಕಳೂ ನಿಲ್ಲುತ್ತಿದ್ದರು. ಯಾಕೆಂದರೆ ಮೇಳದ ಕಟ್ಟಳೆಯೇ ಹಾಗೆ: ಒಬ್ಬ ಹಿಂದೆ ಬಿದ್ದರೆ ಉಳಿದವರು ಅವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕುಂಟುವ ಮರಿ ಬರುವ ತನಕ ಹಿಂಡನ್ನು ತಡೆದು ನಿಲ್ಲಿಸುವ ಕುರಿಗಾರರ ಮನೆತನ ನಮ್ಮದು. ಹೀಗೆ ಆ ನಿಲುಗಡೆ ವಚನದ ಒಳಗೇ ಸೇರಿಹೋಯಿತು. ಅವರು ಇಲ್ಲದ ದಿನವೂ ಶಾಲೆಗಳಲ್ಲಿ ಮಕ್ಕಳು ಅಲ್ಲಿಗೆ ಬಂದು ನಿಂತು, ಆಮೇಲೆ ಮುಂದೆ ಹಾಡುತ್ತಿದ್ದರು.

ಎಂಬತ್ತೆರಡರ ಆಗಸ್ಟ್ ಹದಿನೈದಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಸುತ್ತಿನ ಶಾಲೆಗಳ ಮಕ್ಕಳೆಲ್ಲ ಸೇರಿ ಹಾಡಬೇಕೆಂದು ಗೊತ್ತಾಯಿತು. ತಾಲೀಮು ನಡೆಸಲು ಹರಪನಹಳ್ಳಿ ಕಡೆಯ ಶಿವಯೋಗಪ್ಪ ಮೇಷ್ಟ್ರು ಬಂದರು. ಸಂಗೀತದ ಪರೀಕ್ಷೆ ಪಾಸು ಮಾಡಿದವರು. ಅವತ್ತು ನಾನೂ ಬುತ್ತಿ ಹಿಡಿದು ಹೋಗಿದ್ದೆ. ಎರಡನೆಯ ಸಾಲಿಗೇ ಮೇಷ್ಟ್ರು ಕೈ ಎತ್ತಿ ತಡೆದರು.

"ಇದೇನ್ರಿ, ಮಾತಿನ ನಡುವೆ ನಿಲ್ತಾರೆ? ಅರ್ಥಾನೇ ಕೆಡ್ತೈತಲ್ಲ."

"ನನಗ ಉಸಿರು ಸಾಲಂಗಿಲ್ರಿ ಮಾಸ್ತರ," ಎಂದರು ಮನೆಯವರು. "ನಾ ನಿಲ್ತೀನಿ ಅಂತ ಹುಡುಗ್ರೂ ನಿಲ್ತಾವ."

"ನಿಮ್ಮ ಕೆಮ್ಮನ್ನ ಹುಡುಗ್ರಿಗೆ ಕಲಿಸಿದ್ರೆ ಹೆಂಗ್ರಿ? ಹದಿನೈದಕ್ಕೆ ನಿಲ್ಲದಂಗೆ ಊದ್ರಿ. ಆಗಲಿಲ್ಲ ಅಂದ್ರೆ ಇನ್ನ ಶಾಲೆಗಳಿಗೆ ನೀವು ಬರೋದು ಬ್ಯಾಡ ಅಂತ ಮೇಲಿನವರಿಗೆ ನಾನೇ ಹೇಳ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಮೇಷ್ಟ್ರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಅಂದಿನಿಂದ ಮೇಷ್ಟ್ರು ನಿಲುಗಡೆ ತೆಗೆದುಹಾಕಿ ಮಕ್ಕಳಿಗೆ ತಾಲೀಮು ಕೊಟ್ಟರು. ಮಕ್ಕಳು ಚುರುಕು, ಬೇಗ ಕಲಿತವು. ನಮ್ಮವರಿಗೆ ಮಾತ್ರ ಆಗಲಿಲ್ಲ. ಊಟವೂ ಸೇರದಾಯಿತು.

"ಬುಧವಾರ ಕೈಬಿಟ್ರ ನನಗ ಏನ್ ಉಳೀತೈತಿ ಪಕ್ಕೀರವ್ವ?" ಎಂದರು.

"ನಾ ಉಳಿದೀನಲ್ರಿ," ಎಂದೆ. ನಗಲಿ ಎಂದೇ ಅಂದದ್ದು. ನಗಲಿಲ್ಲ.

ಹದಿನೈದರ ಬೆಳಿಗ್ಗೆ ಮೈದಾನದ ತುಂಬ ಮಕ್ಕಳು. ಧ್ವಜ ಏರಿತು, ಭಾಷಣಗಳು ಮುಗಿದವು, ವಚನ ಶುರುವಾಯಿತು. ಎರಡನೆಯ ಸಾಲಿಗೆ ಬರುತ್ತಲೇ ಮನೆಯವರ ಕತ್ತಿನ ನರಗಳು ಎದ್ದವು. ಹಟಕ್ಕೆ ಬಿದ್ದು ಊದಿದರು. ನಡುವಿನಲ್ಲಿ ಕ್ಲಾರಿಯೊನೆಟ್ ಕೀರಲು ದನಿ ತೆಗೆದು ನಿಂತೇಹೋಯಿತು. ಬಾಗಿ ಕೆಮ್ಮತೊಡಗಿದರು.

ಮಕ್ಕಳೆಲ್ಲ ನಿಂತರು.

ಒಂದು ಮಗುವೂ ಮುಂದಿನ ಮಾತು ಎತ್ತಲಿಲ್ಲ. ಮೇಷ್ಟ್ರು ಕೈ ಬೀಸಿದರು, ಕಣ್ಣು ಬಿಟ್ಟರು, ಕೊನೆಗೆ ತಾವೇ ಹಾಡಿ ತೋರಿಸಿದರು. ಯಾರೂ ಹಿಡಿಯಲಿಲ್ಲ. ಚೌಡಣ್ಣ ಎತ್ತಿದ ಕೋಲನ್ನು ಇಳಿಸಲಿಲ್ಲ. ವೇದಿಕೆಯ ಮೇಲಿನ ದೊಡ್ಡವರು ಮುಖ ಮುಖ ನೋಡಿಕೊಂಡರು. ಎಲ್ಲ ಮುಗಿಯಿತು ಎಂದು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮನೆಯವರು ನೆಟ್ಟಗಾಗಿ ಉಸಿರೆಳೆದುಕೊಂಡದ್ದೇ ತಡ, ಮಕ್ಕಳು ಬಿಟ್ಟ ಮಾತಿನಿಂದಲೇ ಎತ್ತಿಕೊಂಡು ಕೊನೆಯವರೆಗೂ ಹಾಡಿದರು.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದ ಉಚ್ಚಂಗೆಮ್ಮ ಎಂಬ ಹುಡುಗಿಯನ್ನು ಕರೆದರು.

"ಅಷ್ಟು ತಾಲೀಮು ಕೊಟ್ಟೆ. ಮತ್ತ್ಯಾಕೆ ನಿಂತ್ರಿ?"

"ಅಜ್ಜ ಇನ್ನಾ ಬಂದಿದ್ದಿಲ್ರಿ ಸಾರ್," ಎಂದಳು ಹುಡುಗಿ.

ಮೇಷ್ಟ್ರು ಮನೆಯವರ ಕಡೆ ತಿರುಗಿದರು.

"ಆ ಸಾಲು ಒಡೆಯೋದು ತಪ್ಪೇರಿ. ಅದನ್ನ ನಾನು ಒಪ್ಪಲ್ಲ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ಬುಧವಾರ ಯಾವ ಬಸ್ಸಿಗೆ ಹೋಗ್ತೀರಿ? ನಾನೂ ಬರ್ತೀನಿ."

ಮನೆಯವರು ಹೇಳಲು ಬಾಯಿ ತೆರೆದರು. ಕೆಮ್ಮು ಒತ್ತರಿಸಿಕೊಂಡು ಬಂತು. ನಾನೇ ಹೇಳಿಬಿಡೋಣವೆಂದು ಮುಂದೆ ಬಂದರೆ ಮೇಷ್ಟ್ರು ಕೈಸನ್ನೆ ಮಾಡಿ ನನ್ನನ್ನು ತಡೆದರು. ಮನೆಯವರಿಗೆ ಉಸಿರು ಬರುವ ತನಕ ಆ ಬಿಸಿಲಿನಲ್ಲೇ ನಿಂತು ಕಾದರು.