ರಸ್ತೆಯ ಒಳಬಟ್ಟೆ

“ಯಾವ ಮುಂಡೇರೇ ಅದು, ಕಂಪನಿ ಬಟ್ಟೆಗೆ ಕೈ ಹಾಕಿದ್ದು? ನಿಮ್ಮ ಮುಕುಳಿ ಮುಚ್ಕೊಳ್ಳೋಕೆ ರಸ್ತೆ ಬಟ್ಟೆನೇ ಬೇಕಾಗಿತ್ತಾ?”

ಮಧ್ಯಾಹ್ನದ ಹಾಜರಿ ಕೂಗುವ ಮೊದಲೇ ಮೇಸ್ತ್ರಿ ಬಾಯಿ ಬಿಟ್ಟಿದ್ದ. ಜಲ್ಲಿ ರಾಶಿಯ ಪಕ್ಕ ಬಾಂಡ್ಲಿ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಬಜಾರಿಯ ಕಡೆ ತಿರುಗಿದವು. ಅವಳಿಗೆ ಅಪ್ಪ ಇಟ್ಟ ಹೆಸರು ಗಂಡನಿಗೂ ಮರೆತುಹೋಗಿತ್ತು. ಬಜಾರಿ ಅಂದರೆ ಅವಳೇ ‘ಏನು?’ ಅಂತ ಬರುತ್ತಿದ್ದಳು.

“ನಾನೇ ಕೊಯ್ದಿದ್ದು ಮೇಸ್ತ್ರಿ. ಎಂಥ ಬಟ್ಟೆ ಅದು! ನನ್ನ ಕುಡುಗೋಲು ಮೊಂಡಾಗಿಹೋಯ್ತು.”

ಸೇತುವೆ ಎಂದೋ ಮುಗಿದು ನಿಂತಿತ್ತು. ಅದನ್ನು ಹತ್ತಬೇಕಾದ ರಸ್ತೆಯದೇ ತಕರಾರು. ನದಿಯ ದಡದಲ್ಲೆಲ್ಲ ಕೆಸರು. ಎಷ್ಟು ಮಣ್ಣು ಸುರಿದರೂ ನುಂಗಿ ಏನೂ ಆಗದ ಹಾಗೆ ಮಲಗಿಬಿಡುತ್ತಿತ್ತು. ಅದಕ್ಕೇ ಯಂತ್ರದಿಂದ ಆಳಕ್ಕೆ ತೂತು ಕೊರೆದು, ಅದರೊಳಗೆ ಜಲ್ಲಿ ಸುರಿದು ಕುಟ್ಟಿ, ನೆಲದೊಳಗೇ ಕಂಬ ನಿಲ್ಲಿಸುತ್ತಿದ್ದರು. ಆ ಕಂಬಗಳ ಮೇಲೆ ದಪ್ಪ ಬಿಳಿ ಬಟ್ಟೆ ಹಾಸಿ, ಮರಳು ಹರಡಿ, ಮಣ್ಣು ಏರಿಸಬೇಕು. ಬಟ್ಟೆ ಯಾಕೆ ಎಂದು ಬಜಾರಿ ಕೇಳಿದ್ದಕ್ಕೆ, ಮೇಲಿನ ಮಣ್ಣು ಕೆಳಗಿನ ಕೆಸರಿನ ಜೊತೆ ಬೆರೆಯಬಾರದು ಅಂತ ಇಂಜಿನಿಯರ್ ಹೇಳಿದ್ದ.

“ಅಯ್ಯೋ ಶಿವನೇ, ರಸ್ತೆಗೂ ಒಳಬಟ್ಟೆ!” ಎಂದಿದ್ದಳು ಬಜಾರಿ. ಅವತ್ತೆಲ್ಲ ಹೆಂಗಸರು ಬಾಂಡ್ಲಿ ಎತ್ತುವಾಗಲೂ ಕಿಸಕ್ಕೆನ್ನುತ್ತಿದ್ದರು.

ಕೂಲಿಯವರ ತಗಡಿನ ಶೆಡ್ಡುಗಳೂ ಅದೇ ಕೆಸರಿನ ಅಂಚಿಗಿದ್ದವು. ಹೆಂಗಸರಿಗೆ ಪಾಯಿಖಾನೆ ಅನ್ನುವುದೇ ಇರಲಿಲ್ಲ. ಬೆಳಕು ಹರಿಯುವುದರೊಳಗೆ ಜೊಂಡಿನ ಮರೆಗೆ ಹೋಗಿ ಬಂದರೆ ಆಯಿತು, ಇಲ್ಲದಿದ್ದರೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಬಿಸಿಲಲ್ಲಿ ಜಲ್ಲಿ ಹೊರುತ್ತ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಹೋದ ವಾರ ಬಜಾರಿಯ ತಂಗಿ, ಬಸುರಿ ಹೆಂಗಸು, ಜೊಂಡಿನ ಹತ್ತಿರ ಕಾಲಿಟ್ಟವಳು ಸೊಂಟದವರೆಗೆ ಹೂತುಹೋದಳು. ಕೂಗಿದರೆ ಗಂಡಸರು ಓಡಿ ಬರುತ್ತಾರೆ ಅನ್ನುವ ನಾಚಿಕೆಗೆ ಬಾಯಿ ಬಿಡದೆ, ಜೊಂಡು ಹಿಡಿದು ಹಾಗೇ ನಿಂತಿದ್ದಳು. ಹುಡುಕಿಕೊಂಡು ಹೋದ ಅಕ್ಕ ಎಳೆದು ಮೇಲೆ ಹಾಕಿದಾಗ ಅವಳ ತುಟಿ ನೀಲಿಯಾಗಿತ್ತು.

“ಅಕ್ಕಾ, ಮಗು ಒದೀತಿಲ್ಲ ಕಣೇ.”

ಮಗು ಮತ್ತೆ ಒದೆಯುವ ತನಕ ಬಜಾರಿ ಯಾರನ್ನೂ ಬೈಯಲಿಲ್ಲ. ಶೆಡ್ಡಿನವರು ಅದಕ್ಕೇ ಹೆಚ್ಚು ಹೆದರಿದರು.

ಆಮೇಲೆ ಹೆಂಗಸರೆಲ್ಲ ಸೇರಿ ಶೆಡ್ಡಿನ ಹಿಂದೆ ಗುಂಡಿ ತೋಡಿದರು. ಕಾಲು ಹೂಳದ ಹಾಗೆ ಜಲ್ಲಿ ಹರಡಿದರು. ನಾಲ್ಕು ಗಳ ನೆಟ್ಟು ಸುತ್ತ ಬಿಳಿ ಬಟ್ಟೆ ಕಟ್ಟಿದರು.

ಈಗ ಮೇಸ್ತ್ರಿಯ ಗಲಾಟೆ ಕೇಳಿ ಇಂಜಿನಿಯರ್ ಆಫೀಸಿನಿಂದ ಇಳಿದು ಬಂದ. ಕೆಟ್ಟ ಮನುಷ್ಯನಲ್ಲ, ಬೂಟಿಗೆ ಕೆಸರು ತಾಗದ ಹಾಗೆ ಬದುಕುವವನು.

“ಅಮ್ಮಾ, ಅದು ನೂರು ವರ್ಷ ಬಾಳೋ ಬಟ್ಟೆ.”

“ನಾವು ಬಾಳೋವರೆಗೆ ಬಂದ್ರೆ ಸಾಕು ಸ್ವಾಮಿ.”

“ಪಾಯಿಖಾನೆ ವಿಷಯ ಮೇಲಿನೋರಿಗೆ ಹೇಳಿದ್ದೀನಿ.”

“ಮೇಲಿನೋರಿಗೆ ಆತುರ ಇಲ್ಲ ಬಿಡಿ. ಆತುರ ಇರೋದು ಕೆಳಗಿನೋರಿಗೆ.”

ಹೆಂಗಸರು ನಕ್ಕರು. ಇಂಜಿನಿಯರನಿಗೂ ನಗು ಬಂತು, ನುಂಗಿಕೊಂಡ. ಮೇಸ್ತ್ರಿಗೆ ಮಾತ್ರ ಉರಿದುಹೋಯಿತು. ಯಂತ್ರದ ಹತ್ತಿರ ನಿಂತಿದ್ದ ಬಜಾರಿಯ ಗಂಡನಿಗೆ, “ಹೋಗೋ, ಅದನ್ನ ಕಿತ್ತು ಬಿಸಾಕೋ!” ಎಂದು ಅರಚಿದ.

ಯಂತ್ರದ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಎಷ್ಟು ಮಂದ ಅನ್ನುವುದು ಹೆಂಡತಿಗೂ ಗೊತ್ತಿರಲಿಲ್ಲ.

“ಹೌದು ಮೇಸ್ತ್ರಿ, ಬಿಸಿಲು ಜಾಸ್ತಿನೇ.”

“ಥೂ, ಬೋಳಿಮಗನೆ!” ಮೇಸ್ತ್ರಿ ತಾನೇ ನುಗ್ಗಿದ.

“ಏಯ್, ಒಳಗೆ ನನ್ನ ತಂಗಿ ಇದ್ದಾಳೆ!” ಬಜಾರಿ ಬಾಂಡ್ಲಿ ಬಿಸಾಕಿ ಓಡಿದಳು.

ಮೇಸ್ತ್ರಿಗೆ ಕೇಳಿಸಿತು. ಕೇಳಿಸಿಕೊಂಡೇ ಬಟ್ಟೆಯ ಅಂಚು ಹಿಡಿದು ಜಗ್ಗಿದ. ಗಳಗಳು ವಾಲಿ ಬಿದ್ದವು. ತಂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಬೇರೆ ಏನನ್ನೂ ಮುಚ್ಚಿಕೊಳ್ಳಲು ಅವಳಿಗೆ ತೋಚಿರಲಿಲ್ಲ.

“ಓಹೋ, ಮಹಾರಾಣಿ ದರ್ಬಾರು!” ಎಂದ ಮೇಸ್ತ್ರಿ.

ಯಾರೂ ನಗಲಿಲ್ಲ. ಗಂಡಸರು ಬೆನ್ನು ತಿರುಗಿಸಿ ನಿಂತರು. ಬಜಾರಿಯ ಗಂಡ ಯಂತ್ರ ಆರಿಸಿದ. ಇಂಜಿನಿಯರ್ ತನ್ನ ಬೂಟು ನೋಡಿಕೊಂಡ.

ಬಜಾರಿ ತಂಗಿಯ ಬಟ್ಟೆ ಸರಿಮಾಡಿ, ಎಬ್ಬಿಸಿ, ನೀರಿನ ಡಬ್ಬ ಕೈಗೆತ್ತಿಕೊಂಡಳು. ಇನ್ನೊಂದು ಕೈಯಲ್ಲಿ ತಂಗಿಯನ್ನು ಹಿಡಿದು ನೇರವಾಗಿ ಆಫೀಸಿನ ಕಡೆ ನಡೆದಳು. ಉಳಿದ ಹೆಂಗಸರು ಬಾಂಡ್ಲಿ ಕೆಳಗಿಟ್ಟು, ಕೈಗೆ ಸಿಕ್ಕ ಡಬ್ಬ ಚೊಂಬು ಹಿಡಿದು ಹಿಂದೆ ಹೊರಟರು. ಅಲ್ಲಿ ಬಿಳಿ ಕಲ್ಲು ಹಾಕಿದ ಪಾಯಿಖಾನೆ ಇತ್ತು. ಕನ್ನಡಿ, ಸೋಪು, ಒಗೆದು ಮಡಿಸಿಟ್ಟ ಟವೆಲ್ಲು.

“ಅಮ್ಮಾ, ಇದು ಆಫೀಸು!” ಇಂಜಿನಿಯರ್ ಹಿಂದೆಯೇ ಓಡಿ ಬಂದ.

“ಗೊತ್ತು ಸ್ವಾಮಿ, ಆಫೀಸ್ ಕೆಲಸ ನಾವು ಮುಟ್ಟಲ್ಲ. ನಮ್ಮ ಕೆಲಸ ಮುಗಿಸಿಕೊಂಡು ಹೋಗ್ತೀವಿ.”

“ಒಬ್ಬೊಬ್ಬರನ್ನೂ ಕೆಲಸದಿಂದ ಕಿತ್ತಾಕ್ತೀನಿ!” ಮೇಸ್ತ್ರಿ ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದ. ಹೆಂಗಸರ ಸಾಲು ಮೆಟ್ಟಿಲು ಇಳಿದು, ಅವನನ್ನು ಸುತ್ತಿ ಹಾದು, ಜಲ್ಲಿ ರಾಶಿ ಮುಟ್ಟಿತ್ತು. ಬಟ್ಟೆ ಹಾಸುತ್ತಿದ್ದ ಆಚೆ ಬದಿಯ ಹೆಂಗಸರೂ ಡಬ್ಬ ಹಿಡಿದು ಬರುತ್ತಿದ್ದರು. ಜಲ್ಲಿ ತಂದ ಲಾರಿಗಳು ಹಾರನ್ ಹೊಡೆಯುತ್ತ ನಿಂತವು.

“ನನಗೂ... ಸ್ವಲ್ಪ ಒಳಗೆ ಹೋಗಬೇಕಿತ್ತು,” ಎಂದ ಇಂಜಿನಿಯರ್ ಮೆಲ್ಲಗೆ.

“ಪಾಪ, ಹೋಗಿ ಸ್ವಾಮಿ. ಸಾಲಿನ ಕೊನೆ ಆ ಕಡೆ ಇದೆ.”

ತಂಗಿ ಬಾಗಿಲ ಒಳಗೆ ಹೋಗಿ ತಡವರಿಸುತ್ತಿದ್ದಳು. “ಅಕ್ಕಾ, ಇದನ್ನ ಹಾಕೋದು ಹೇಗೆ?”

“ಹಿಡಿದು ಪಕ್ಕಕ್ಕೆ ಎಳಿ.”

ಚಿಲಕ ಬಿದ್ದ ಸದ್ದಾಯಿತು. ಬಜಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನಿಧಾನ ಮಾಡೇ ತಾಯಿ,” ಎಂದಳು. “ಏನೂ ಅವಸರ ಇಲ್ಲ.”